ಲೆಕ್ಕ ಬರುತ್ತದೆ, ವ್ಯವಹಾರ ಬರುವುದಿಲ್ಲ

ತಲೆಗೆ ಪೆಟ್ಟು ಬಿದ್ದವರ ಮನೆಯಲ್ಲಿ ಮೊದಲ ವಾರ ಎಲ್ಲರದೂ ಒಂದೇ ಪ್ರಶ್ನೆ. ಜೀವಕ್ಕೇನೂ ತೊಂದರೆ ಇಲ್ಲ ತಾನೆ? ಡಾಕ್ಟರು ಇಲ್ಲ ಅಂದ ತಕ್ಷಣ ನೆಂಟರಿಗೆಲ್ಲ ಫೋನು ಹೋಗುತ್ತದೆ, ಹರಕೆ ತೀರಿಸುವ ಮಾತು ಶುರುವಾಗುತ್ತದೆ. ಎರಡನೆಯ ಪ್ರಶ್ನೆ ಬರುವುದು ಎಷ್ಟೋ ತಿಂಗಳು ಕಳೆದ ಮೇಲೆ. ಅದೂ ಅಡುಗೆಮನೆಯಲ್ಲಿ, ಮೆಲುದನಿಯಲ್ಲಿ. ಇವರು ಯಾಕೆ ಹೀಗಾದರು?

ಮೊದಲ ಪ್ರಶ್ನೆಗೆ ಉತ್ತರ ಕೊಡಲು ಸ್ಕ್ಯಾನ್ ಸೆಂಟರುಗಳು ಬೇಕಾದಷ್ಟಿವೆ. ಎರಡನೆಯದಕ್ಕೆ ಉತ್ತರ ಕೊಡುವವರು ಇದ್ದಾರೆ ಅನ್ನುವುದೇ ಹೆಚ್ಚಿನ ಜನಕ್ಕೆ ಗೊತ್ತಿಲ್ಲ. ಅವರನ್ನು ನ್ಯೂರೋಸೈಕಾಲಜಿಸ್ಟ್ ಅನ್ನುತ್ತಾರೆ. ಮಿದುಳಿಗೆ ಆದ ಏಟು ಅಥವಾ ಕಾಯಿಲೆ ಮನುಷ್ಯನ ನೆನಪು, ಗಮನ, ಮಾತು, ವಿವೇಚನೆಯನ್ನು ಎಲ್ಲಿ ತಟ್ಟಿದೆ ಎಂದು ಅಳೆಯುವುದು, ಆಮೇಲೆ ಏನು ಮಾಡಬಹುದು ಎಂದು ಹೇಳುವುದು ಅವರ ಕೆಲಸ. ನಮ್ಮ ಮನೆಗೆ ಈ ಸಂಗತಿ ಗೊತ್ತಾಗಿದ್ದು ಭಾವನ ಕಾರಣದಿಂದ.

ಭಾವ ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ರೈಟರ್. ಯಾವ ರೈತನಿಗೆ ಎಷ್ಟು ಮುಂಗಡ ಹೋಗಿದೆ, ಯಾರ ಉಂಡೆ ಕೊಬ್ಬರಿ ಕಳೆದ ಸಲ ಕೌಟು ಬಂದಿತ್ತು, ಎಲ್ಲ ಬಾಯಲ್ಲೇ ಇರುತ್ತಿತ್ತು. ಮಳೆಗಾಲದ ಒಂದು ಸಂಜೆ ಬೈಕಿನಿಂದ ಬಿದ್ದರು. ತಲೆ ಮೇಲಿದ್ದದ್ದು ಪೊಲೀಸರಿಗೆ ತೋರಿಸಲೆಂದೇ ಇರುವ ಆ ಅರ್ಧ ಹೆಲ್ಮೆಟ್. ಖಾಸಗಿ ಆಸ್ಪತ್ರೆಯೊಂದಕ್ಕೆ ಸೇರಿಸಿದೆವು. ಸಿಟಿ ಸ್ಕ್ಯಾನ್ ಆಯಿತು. ಹಣೆಯ ಹಿಂದೆ ಸಣ್ಣ ರಕ್ತದ ಗುರುತು, ಆಪರೇಷನ್ ಬೇಡ ಅಂದರು. ಹೊಲಿಗೆ ಹಾಕಿ, ಫಿಟ್ಸ್ ಬರದಂತೆ ಮಾತ್ರೆ ಬರೆದುಕೊಟ್ಟು ಕಳಿಸಿದರು. ಮುಂದೆ ಸ್ವಭಾವ ಬದಲಾಗಬಹುದು, ಗಮನ ಕಡಿಮೆಯಾಗಬಹುದು ಅಂತ ಅಲ್ಲಿ ಯಾರೂ ಒಂದು ಮಾತು ಹೇಳಲಿಲ್ಲ. ನನಗೆ ಇವತ್ತಿಗೂ ಸಿಟ್ಟು ಇರುವುದು ಅದರ ಬಗ್ಗೆಯೇ. ಎರಡು ನಿಮಿಷದ ಮಾತು ಅದು.

ಭಾವ ಮಂಡಿಗೆ ಮತ್ತೆ ಹೋದರು. ನೋಡುವವರಿಗೆ ಮೊದಲಿನ ಹಾಗೇ ಇದ್ದರು. ಕ್ವಿಂಟಲ್ ಲೆಕ್ಕ ಮೊದಲಿನಷ್ಟೇ ಚುರುಕು. ಆದರೆ ಯಾರು ಬಂದು ಮುಂಗಡ ಕೇಳಿದರೂ ಎತ್ತಿ ಕೊಡುತ್ತಿದ್ದರು. ಬೆಳಿಗ್ಗೆ ಒಂದು ಕೆಲಸ ಹಿಡಿದರೆ ಅದರ ಅರ್ಧಕ್ಕೆ ಇನ್ನೊಂದು, ಅದರ ಅರ್ಧಕ್ಕೆ ಮತ್ತೊಂದು. ಸಾವಿನ ಮನೆಗೆ ಹೋಗಿ ಜೋಕು ಹೇಳಿ ತಾವೇ ನಕ್ಕರು. ಸಾರಿಗೆ ಉಪ್ಪು ಕಮ್ಮಿ ಅಂತ ತಟ್ಟೆ ಎಸೆದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ದನಿ ಎತ್ತಿದವರಲ್ಲ. ಅಕ್ಕ ನನಗೆ ಫೋನು ಮಾಡಿ, “ಮುಂಚಿನ ಮನುಷ್ಯ ಅಲ್ಲ ಕಣೋ ಇವರು” ಅಂದಳು. ಬೀದಿಯವರ ಹತ್ತಿರ ಉತ್ತರಗಳು ರೆಡಿ ಇದ್ದವು. ದೃಷ್ಟಿ ಆಗಿದೆ, ಸಾಡೇಸಾತಿ ನಡೀತಿದೆ, ಕದ್ದು ಕುಡೀತಾರೇನೋ ವಿಚಾರಿಸಿ. ಮಂಡಿಯ ಸಾಹುಕಾರರು ಮಾತ್ರ ನೇರವಾಗಿ, ಮೈಗಳ್ಳ ಆಗಿದ್ದಾನೆ ಅಂದರು.

ಮಿದುಳಿನ ಮುಂಭಾಗ ಮತ್ತು ಎರಡೂ ಕಿವಿಗಳ ಒಳಬದಿಯ ಭಾಗ ಕೂತಿರುವ ಜಾಗದಲ್ಲಿ ತಲೆಬುರುಡೆಯ ಒಳಮೈ ನುಣುಪಾಗಿಲ್ಲ, ಏರುತಗ್ಗಿನ ಮೂಳೆ. ಓಡುತ್ತಿದ್ದ ತಲೆ ತಟ್ಟನೆ ನಿಂತಾಗ ಒಳಗಿನ ಮೆತ್ತಗಿನ ಮಿದುಳು ಆ ಮೂಳೆಗೆ ಉಜ್ಜುತ್ತದೆ. ಪೆಟ್ಟು ಎಲ್ಲೇ ಬೀಳಲಿ, ಗಾಯ ಹೆಚ್ಚಾಗಿ ಆಗುವುದು ಈ ಭಾಗಗಳಿಗೇ. ತಲೆ ಗಿರ್ರನೆ ತಿರುಗಿದ್ದರೆ ಮಿದುಳಿನ ಒಂದು ಭಾಗದಿಂದ ಇನ್ನೊಂದಕ್ಕೆ ಸುದ್ದಿ ಸಾಗಿಸುವ ಸಣ್ಣ ಎಳೆಗಳು ಅಲ್ಲಲ್ಲಿ ಜಗ್ಗಿ ಹರಿಯುತ್ತವೆ. ಅವು ಎಷ್ಟು ಸಣ್ಣವು ಅಂದರೆ ಸಿಟಿ ಸ್ಕ್ಯಾನ್‌ನಲ್ಲಿ ಬಹಳ ಸಲ ಕಾಣುವುದೇ ಇಲ್ಲ. ಮಂಡಿಯ ಕಟ್ಟಡವನ್ನು ಹೊರಗಿನಿಂದ ನೋಡಿದರೆ ಗೋಡೆ ಬಿದ್ದಿದೆಯೋ ಇಲ್ಲವೋ ಹೇಳಬಹುದು, ಒಳಗೆ ಖಾತೆ ತಾಳೆಯಾಗುತ್ತಿದೆಯೋ ಇಲ್ಲವೋ ಹೇಳಲಾಗದು. ಸ್ಕ್ಯಾನ್ ಹೇಳುವುದೂ ಅಷ್ಟೇ.

ಇನ್ನೊಂದು ಗೊಂದಲ ಡಿಸ್ಚಾರ್ಜ್ ಚೀಟಿಯಲ್ಲೇ ಇರುತ್ತದೆ. ಅದರಲ್ಲಿ ಜಿಸಿಎಸ್ (ಗ್ಲಾಸ್ಗೋ ಕೋಮಾ ಸ್ಕೇಲ್) ಅಂತ ಒಂದು ಅಂಕಿ ಬರೆದಿರುತ್ತಾರೆ. 1974ರಲ್ಲಿ ಗ್ಲಾಸ್ಗೋ ನಗರದ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ಇಬ್ಬರು ಡಾಕ್ಟರು ಮಾಡಿದ ಅಳತೆ ಅದು. ಕಣ್ಣು ತೆರೆಯುತ್ತಾರಾ, ಮಾತಾಡುತ್ತಾರಾ, ಕೈಕಾಲು ಆಡಿಸುತ್ತಾರಾ ನೋಡಿ 3ರಿಂದ 15ರವರೆಗೆ ಅಂಕ ಕೊಡುತ್ತಾರೆ. 13 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ‘ಮೈಲ್ಡ್’. ಭಾವನಿಗೆ 14 ಇತ್ತು. ಆ ‘ಮೈಲ್ಡ್’ ಅನ್ನುವುದು ಪೆಟ್ಟು ಬಿದ್ದ ಹೊತ್ತಿನ ಎಚ್ಚರದ ಅಳತೆ. ಆಮೇಲಿನ ಬದುಕಿನ ಅಳತೆ ಅಲ್ಲ. ಅಂಥವರಲ್ಲಿ ಹೆಚ್ಚಿನವರು ಕೆಲವು ವಾರಗಳಲ್ಲೇ ಸುಧಾರಿಸುತ್ತಾರೆ, ನಿಜ. ಸುಧಾರಿಸದವರೂ ಇರುತ್ತಾರೆ. ಅವರ ಕೈಯಲ್ಲಿರುವ ಚೀಟಿಯಲ್ಲಿ ಮಾತ್ರ ‘ಮೈಲ್ಡ್’ ಎಂದೇ ಇರುತ್ತದೆ.

ಕೊನೆಗೆ ತುಮಕೂರಿನ ಒಬ್ಬ ನರರೋಗ ತಜ್ಞರು ಅಕ್ಕನ ಮಾತನ್ನು ಪೂರ್ತಿ ಕೇಳಿಸಿಕೊಂಡು, ಬೆಂಗಳೂರಿನ ನಿಮ್ಹಾನ್ಸ್‌ಗೆ ಚೀಟಿ ಬರೆದುಕೊಟ್ಟರು. ಆ ಹೆಸರು ಕೇಳಿದ್ದೇ ಮನೆಯಲ್ಲಿ ಗಲಾಟೆ. ನಮ್ಮ ಕಡೆ ದೊಡ್ಡವರಿಗೆ ಅದು ಈಗಲೂ ಹುಚ್ಚಾಸ್ಪತ್ರೆ. ಭಾವನ ಹೆದರಿಕೆ ಬೇರೆ ಥರದ್ದು. ಅವರು ಟೀವಿಯಲ್ಲಿ ಮಂಪರು ಪರೀಕ್ಷೆ, ಬ್ರೈನ್ ಮ್ಯಾಪಿಂಗ್ ಎಲ್ಲ ನೋಡಿದ್ದವರು. “ಅಲ್ಲಿ ತಲೆಗೆ ವೈರು ಹಾಕಿ ಒಳಗಿರೋದೆಲ್ಲ ಹೊರಗೆ ತೆಗೀತಾರಂತೆ” ಅಂದರು. ಅದು ಪೊಲೀಸರ ತನಿಖೆಯ ಮಾತು ಭಾವ, ಇದಕ್ಕೂ ಅದಕ್ಕೂ ಸಂಬಂಧ ಇಲ್ಲ ಅಂದೆ. (ಅಂದಹಾಗೆ, ಆರೋಪಿಯ ಒಪ್ಪಿಗೆ ಇಲ್ಲದೆ ಅಂಥ ಪರೀಕ್ಷೆ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದ್ದು ನಮ್ಮ ರಾಜ್ಯದ ಕೇಸಿನಲ್ಲೇ, ಸೆಲ್ವಿ ವಿರುದ್ಧ ಕರ್ನಾಟಕ ಸರ್ಕಾರ.)

ನಿಮ್ಹಾನ್ಸ್ ಹುಟ್ಟಿದ್ದೂ 1974ರಲ್ಲೇ, ಡಿಸೆಂಬರ್ ತಿಂಗಳಲ್ಲಿ. ಹೊಸೂರು ರಸ್ತೆಯಲ್ಲಿದ್ದ ಸರ್ಕಾರಿ ಮಾನಸಿಕ ಆಸ್ಪತ್ರೆಯನ್ನೂ, 1954ರಲ್ಲಿ ಶುರುವಾಗಿದ್ದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯನ್ನೂ ಸೇರಿಸಿ ಮಾಡಿದ್ದು. ಮನಸ್ಸಿನ ಕಾಯಿಲೆ, ನರದ ಕಾಯಿಲೆ ಎರಡೂ ಒಂದೇ ಕಾಂಪೌಂಡಿನಲ್ಲಿ. ಭಾವನಂಥವರಿಗೆ ಬೇಕಾದ್ದು ಇದೇ. ನರದ ಡಾಕ್ಟರು ‘ಸ್ಕ್ಯಾನ್ ಪರವಾಗಿಲ್ಲ’ ಅನ್ನುತ್ತಾರೆ, ಮನೋವೈದ್ಯರು ‘ಇದು ಡಿಪ್ರೆಷನ್ ಅಲ್ಲ’ ಅನ್ನುತ್ತಾರೆ. ಇಬ್ಬರ ನಡುವೆ ಬಿದ್ದುಹೋಗುವ ರೋಗಿ ಇವರು.

ಪರೀಕ್ಷೆಯ ದಿನ ನಮ್ಮನ್ನು ಒಳಗೆ ಬಿಡಲಿಲ್ಲ. ಅಷ್ಟು ಹೊತ್ತು ಏನು ಮಾಡುತ್ತಾರೋ ಅಂತ ಹೊರಗೆ ಬೆಂಚಿನ ಮೇಲೆ ಕೂತಿದ್ದೆವು. ಮಧ್ಯೆ ಭಾವನಿಗೆ ಕಾಫಿಗೆ ಬಿಟ್ಟರು, ಮತ್ತೆ ಕರೆದರು. ಒಳಗೆ ಯಂತ್ರ ಇಲ್ಲ, ವೈರು ಇಲ್ಲ. ಒಂದು ಮೇಜು, ಒಂದು ಸ್ಟಾಪ್‌ವಾಚ್, ಪೆನ್ಸಿಲ್, ಕಾಗದ, ಕಾರ್ಡುಗಳು, ಎದುರಿಗೆ ಕೂತ ಒಬ್ಬ ಮನುಷ್ಯ. ಭಾವ ಹೇಳಿದ್ದು, ಆಮೇಲೆ ವರದಿ ಕೊಡುವಾಗ ಪರೀಕ್ಷೆ ಮಾಡಿದ ನ್ಯೂರೋಸೈಕಾಲಜಿಸ್ಟ್ ಮೇಡಂ ಬಿಡಿಸಿ ಹೇಳಿದ್ದು ಸೇರಿಸಿ ಬರೆಯುತ್ತಿದ್ದೇನೆ.

15 ಪದಗಳನ್ನು ಓದಿ ಹೇಳುತ್ತಾರೆ. ನೆನಪಿದ್ದಷ್ಟು ಹೇಳಿ ಅನ್ನುತ್ತಾರೆ. ಅದೇ ಪಟ್ಟಿಯನ್ನು ಐದು ಸಲ. ಪ್ರತಿ ಸಲ ಎಷ್ಟು ಜಾಸ್ತಿ ಹಿಡಿಯುತ್ತೀರಿ ನೋಡುತ್ತಾರೆ. ಆಮೇಲೆ ಬೇರೆ 15 ಪದ ಹೇಳಿ ತಲೆ ಕೆಡಿಸುತ್ತಾರೆ. ಮತ್ತೆ ಹಳೇ ಪಟ್ಟಿ ಕೇಳುತ್ತಾರೆ. ಅರ್ಧ ಗಂಟೆ ಬಿಟ್ಟು, ಮರೆತಿರುತ್ತೀರಿ ಅಂದುಕೊಂಡ ಹೊತ್ತಿಗೆ, ಇನ್ನೊಮ್ಮೆ. ಆ ಪದಗಳನ್ನು ಇಲ್ಲಿ ಬರೆಯುವುದಿಲ್ಲ. ಮುಂಚೆಯೇ ಓದಿಕೊಂಡು ಹೋದರೆ ಪರೀಕ್ಷೆ ಕೆಟ್ಟಂತೆ. ನನಗೆ ಹಿಡಿಸಿದ್ದು ಇದರ ಹಿಂದಿನ ಯೋಚನೆ. ‘ಮರೆವು’ ಅಂತ ನಾವು ಒಂದೇ ಮಾತಿನಲ್ಲಿ ಹೇಳುವುದನ್ನು ಇವರು ಬಿಡಿಬಿಡಿಯಾಗಿ ನೋಡುತ್ತಾರೆ. ಒಳಗೆ ಹೋಗಲೇ ಇಲ್ಲವಾ? ಹೋಗಿ ಉಳಿಯಲಿಲ್ಲವಾ? ಉಳಿದಿದ್ದರೂ ಹುಡುಕಿ ತೆಗೆಯಲು ಆಗುತ್ತಿಲ್ಲವಾ? ಕೊನೆಯದಾದರೆ, ಪದವನ್ನು ಬೇರೆ ಪದಗಳ ಜೊತೆ ತೋರಿಸಿದ ತಕ್ಷಣ ‘ಹೂಂ, ಇದು ಇತ್ತು’ ಅನ್ನುತ್ತಾರೆ. ಭಾವನದು ಅದೇ ಆಗಿತ್ತು. ನೆನಪಿನ ಕೋಣೆ ಖಾಲಿಯಾಗಿರಲಿಲ್ಲ. ಅವರೇ ಕೈಹಾಕಿ ತೆಗೆಯುವುದು ಕಷ್ಟವಾಗಿತ್ತು.

ಒಂದು ನಿಮಿಷದಲ್ಲಿ ಆದಷ್ಟು ಪ್ರಾಣಿಗಳ ಹೆಸರು ಹೇಳಿ ಅಂದರಂತೆ. ಹಕ್ಕಿ, ಹಾವು, ಮೀನು ಬೇಡ ಅಂತ ಷರತ್ತು. ಭಾವ ಹಸು, ಎಮ್ಮೆ, ಕುರಿ ಅಂತ ಸರಾಗ ಶುರು ಮಾಡಿ, ನಾಗರಹಾವು ಅಂದುಬಿಟ್ಟರಂತೆ. ಅಲ್ಲಿಂದ ಕೇರೆ, ಕೊಳಕುಮಂಡಲ. ಷರತ್ತು ಏನು ಅಂತ ಕೇಳಿದರೆ ಸರಿಯಾಗಿ ಹೇಳುತ್ತಾರೆ, ಪಾಲಿಸಲು ಆಗುವುದಿಲ್ಲ. ಕ, ಪ, ಮ ಅಕ್ಷರದಿಂದ ಶುರುವಾಗುವ ಮಾತು ಹೇಳುವುದರಲ್ಲೂ ಹೀಗೇ ಆಯಿತು.

ಎಲ್ಲಕ್ಕಿಂತ ಮುಖ್ಯವಾದದ್ದು ಕಾರ್ಡಿನ ಪರೀಕ್ಷೆ. ವಿಸ್ಕಾನ್ಸಿನ್ ಕಾರ್ಡ್ ಸಾರ್ಟಿಂಗ್ ಅಂತ ಹೆಸರು. ಕಾರ್ಡುಗಳ ಮೇಲೆ ಬೇರೆ ಬೇರೆ ಬಣ್ಣ, ಆಕಾರ, ಸಂಖ್ಯೆಯ ಗುರುತುಗಳು. ಜೋಡಿಸುತ್ತಾ ಹೋಗಬೇಕು. ಯಾವುದರ ಪ್ರಕಾರ ಅಂತ ಹೇಳುವುದಿಲ್ಲ. ಸರಿ, ತಪ್ಪು ಅಂತ ಮಾತ್ರ ಹೇಳುತ್ತಾರೆ. ನೀವೇ ನಿಯಮ ಹುಡುಕಬೇಕು. ಸತತ ಹತ್ತು ಸರಿಯಾದ ಮೇಲೆ, ಒಂದು ಮಾತೂ ಹೇಳದೆ ನಿಯಮ ಬದಲಾಯಿಸಿಬಿಡುತ್ತಾರೆ. ಇಷ್ಟು ಹೊತ್ತು ಸರಿಯಾಗಿದ್ದದ್ದು ತಪ್ಪಾಗುತ್ತದೆ. ಹೆಚ್ಚಿನವರು ಗಲಿಬಿಲಿಯಾಗಿ, ಬೇರೆ ದಾರಿ ಹಿಡಿಯುತ್ತಾರೆ. ಭಾವ ಬಣ್ಣವನ್ನು ಬೇಗ ಕಂಡುಹಿಡಿದರು. ನಿಯಮ ಬದಲಾದ ಮೇಲೂ ಬಣ್ಣದ ಪ್ರಕಾರವೇ ಹಾಕುತ್ತಾ ಹೋದರು. ತಪ್ಪು, ತಪ್ಪು, ತಪ್ಪು. ಹೊರಗೆ ಬಂದು ನಮ್ಮ ಹತ್ತಿರ ದೂರಿದ್ದು ಹೀಗೆ. “ಆಯಮ್ಮಂಗೆ ಆಟ ಸರಿಯಾಗಿ ಬರಲ್ಲ ಕಣೋ.”

ಅದೇ ಹೊತ್ತಿನಲ್ಲಿ ಅಂಕಗಣಿತದಲ್ಲಿ ಭಾವನದು ಅವರ ವಯಸ್ಸಿನವರಿಗಿಂತ ಒಂದು ಕೈ ಮೇಲೆಯೇ ಇತ್ತು. ನಮಗೆ ಮೋಸ ಆಗಿದ್ದು ಇಲ್ಲೇ. ಲೆಕ್ಕ ಸರಿ ಇದೆಯಲ್ಲ, ತಲೆ ಸರಿ ಇದೆ ಅಂದುಕೊಂಡೆವು. ಲೆಕ್ಕ ಎಷ್ಟೋ ವರ್ಷದ ರೂಢಿ, ತಾನಾಗಿ ನಡೆಯುತ್ತದೆ. ಈ ರೈತನಿಗೆ ಮುಂಗಡ ಕೊಟ್ಟರೆ ವಾಪಸ್ ಬರುತ್ತದಾ, ಹೋದ ಸಲ ಏನಾಯಿತು, ಸಾಹುಕಾರರಿಗೆ ಏನು ಹೇಳಲಿ ಅಂತ ಒಂದು ಕ್ಷಣ ತಡೆದು ತೂಗುವುದಿದೆಯಲ್ಲ, ಅದು ಹಣೆಯ ಹಿಂದಿನ ಭಾಗದ ಕೆಲಸ.

ಅಷ್ಟೇ ಹೊತ್ತು ಅಕ್ಕನನ್ನೂ ಬೇರೆಯಾಗಿ ಕೂರಿಸಿಕೊಂಡು ಕೇಳಿದರು. ಮುಂಚೆ ಹೇಗಿದ್ದರು, ದುಡ್ಡು ಯಾರು ನೋಡಿಕೊಳ್ಳುತ್ತಿದ್ದರು, ನಿದ್ದೆ ಹೇಗೆ, ನಿಮ್ಮ ನಿದ್ದೆ ಹೇಗೆ. ಕೊನೆಯದನ್ನು ಕೇಳಿದಾಗ ಅಕ್ಕ ಅತ್ತಳಂತೆ. ಆ ಪ್ರಶ್ನೆ ಅಲ್ಲಿಯವರೆಗೆ ನಾವ್ಯಾರೂ ಕೇಳಿರಲಿಲ್ಲ.

ಅಂಕಿಗಳನ್ನು ಯಾರ ಜೊತೆ ಹೋಲಿಸುತ್ತಾರೆ ಅನ್ನುವುದು ಈ ವಿದ್ಯೆಯ ಜೀವಾಳ ಅನ್ನಿಸುತ್ತದೆ ನನಗೆ. ಹೆಚ್ಚಿನ ಪರೀಕ್ಷೆಗಳು ಹುಟ್ಟಿದ್ದು ಯೂರೋಪು ಅಮೆರಿಕದಲ್ಲಿ. ಅಲ್ಲಿಯ ಕಾಲೇಜು ಓದಿದವರ ಅಂಕಕ್ಕೆ ಎಸ್ಸೆಸ್ಸೆಲ್ಸಿ ಓದಿದ ಭಾವನನ್ನು ಹೋಲಿಸಿದರೆ ಆರೋಗ್ಯವಾಗಿದ್ದಾಗಲೂ ಕಡಿಮೆಯೇ ಬಂದೀತು. ಪೆನ್ಸಿಲ್ಲನ್ನೇ ಹಿಡಿಯದ ನಮ್ಮ ಅಜ್ಜಿಯಂಥವರಿಗೆ ಚಿತ್ರ ನೋಡಿ ಬರೆ ಅಂದರೆ? ಬರೆಯಲು ಆಗದಿದ್ದರೆ ತಪ್ಪು ಮಿದುಳಿನದಲ್ಲ, ಶಾಲೆಗೆ ಕಳಿಸದವರದು. ಅದಕ್ಕೇ ನಿಮ್ಹಾನ್ಸ್‌ನವರು ತಮ್ಮದೇ ಪರೀಕ್ಷೆಗಳ ಗುಚ್ಛ ಮಾಡಿಕೊಂಡರು. 2004ರಲ್ಲಿ ಶೋಭಿನಿ ರಾವ್, ಸುಬ್ಬಕೃಷ್ಣ, ಗೋಪುಕುಮಾರ್ ಅವರು ಹೊರತಂದದ್ದು. ಇಲ್ಲಿಯ ಜನರನ್ನೇ ಪರೀಕ್ಷಿಸಿ, ವಯಸ್ಸು, ಓದು, ಗಂಡು ಹೆಣ್ಣು ನೋಡಿ ಹೋಲಿಕೆಯ ಅಂಕಿ ಕೊಟ್ಟಿದ್ದಾರೆ. ಓದು ಬರಹ ಬಾರದವರಿಗೂ ಅದರಲ್ಲಿ ಜಾಗ ಇದೆ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮರೆವಿನ ಕಾಯಿಲೆ ಗುರುತಿಸಲು ತಯಾರಿಸಿದ ಪರೀಕ್ಷೆಗಳು ಐದು ಭಾಷೆಗಳಲ್ಲಿವೆ, ಅದರಲ್ಲಿ ಕನ್ನಡವೂ ಒಂದು. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಕೆಲಸ ಮಾಡಿದವರು ಇನ್ನೂ ಮೊದಲೇ ಈ ತೊಂದರೆ ಎದುರಿಸಿದ್ದರು. ಇಂಗ್ಲಿಷ್ ಪದದ ಸ್ಪೆಲಿಂಗನ್ನು ಹಿಂದುಮುಂದಾಗಿ ಹೇಳಿ ಅಂತ ಕೇಳುವ ಜಾಗದಲ್ಲಿ ವಾರದ ಹೆಸರುಗಳನ್ನು ಹಿಂದಿನಿಂದ ಹೇಳಿ ಅಂತ ಬದಲಾಯಿಸಿಕೊಂಡರು. ಎಷ್ಟು ಸರಳ ಉಪಾಯ, ಅಲ್ವಾ?

ನಮ್ಮ ಜನರ ಮಿದುಳಿನ ಬಗ್ಗೆ ಇಲ್ಲೇ ಕೂತು ನೋಡಿದರೆ ಮಾತ್ರ ಕಾಣುವ ಸಂಗತಿಗಳೂ ಇವೆ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ ಮರೆವಿನ ಕಾಯಿಲೆಯ 648 ರೋಗಿಗಳನ್ನು ಅಭ್ಯಾಸ ಮಾಡಿ 2013ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಶಾಲೆಗೆ ಹೋಗದವರಲ್ಲೂ ಈ ವ್ಯತ್ಯಾಸ ಇತ್ತು. ಓದದವರ ತಲೆಯಲ್ಲಿ ಏನಿದೆ ಅನ್ನುವವರಿಗೆ ತೋರಿಸಬೇಕು ಇದನ್ನು.

ವರದಿ ಬಂದಾಗ ಅದರಲ್ಲಿ ಭಾವನನ್ನು ಬೈದಿರಲಿಲ್ಲ, ಹೊಗಳಿಯೂ ಇರಲಿಲ್ಲ. ಯೋಜನೆ ಹಾಕುವುದು, ತಡೆದುಕೊಳ್ಳುವುದು, ದಾರಿ ಬದಲಿಸುವುದು ಕುಂದಿದೆ. ಮಾತು, ಲೆಕ್ಕ, ಕಣ್ಣಳತೆ ಸರಿಯಿದೆ. ತನಗೆ ತೊಂದರೆ ಇದೆ ಅನ್ನುವ ಅರಿವು ಕಡಿಮೆ. ಅಕ್ಕ ಅದನ್ನು ನನ್ನ ಕೈಲಿ ಮತ್ತೆ ಮತ್ತೆ ಓದಿಸಿದಳು. ಮೈಗಳ್ಳತನ ಅಲ್ಲ ಅಂತ ಸಾಹುಕಾರರಿಗೆ ತೋರಿಸಲು ಒಂದು ಕಾಗದ ಸಿಕ್ಕಿತು. ಅವರು ಅದನ್ನು ನಂಬಿದರು. ಭಾವನನ್ನು ಮುಂಗಡದ ವ್ಯವಹಾರದಿಂದ ಬಿಡಿಸಿ ತೂಕದ ಕಡೆ ಹಾಕಿದರು. ಸಂಬಳ ಸ್ವಲ್ಪ ಕಮ್ಮಿಯಾಯಿತು. ಕೆಲಸ ಉಳಿಯಿತು.

ಕಾನೂನಿನ ಕಣ್ಣಿಗೆ ಮಾತ್ರ ಈ ಗಾಯ ಈಗಲೂ ಸರಿಯಾಗಿ ಬೀಳುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಹೆಸರಿಸಿದೆ. ತಲೆಪೆಟ್ಟಿನಿಂದಾದ ಮಿದುಳಿನ ಗಾಯ ಅದರಲ್ಲಿ ಪ್ರತ್ಯೇಕವಾಗಿ ಇಲ್ಲ. ಕಾಲು ಮುರಿದಿದ್ದರೆ, ಮಾತು ಹೋಗಿದ್ದರೆ ಆ ಹೆಸರಿನಲ್ಲಿ ಸರ್ಟಿಫಿಕೇಟ್ ಸಿಗಬಹುದು. ವಿವೇಚನೆ ಕುಂದಿದವರು ಯಾವ ಬಾಗಿಲು ತಟ್ಟಬೇಕು? ಅಪಘಾತದ ಕ್ಲೇಮಿನಲ್ಲೂ ಮೂಳೆಗೆ ಶೇಕಡಾ ಹಾಕುವುದು ಸಲೀಸು, ಸ್ವಭಾವಕ್ಕೆ ಕಷ್ಟ. ನಮ್ಮ ವಕೀಲರು ಈ ವರದಿಯನ್ನೇ ಮುಂದಿಟ್ಟು ವಾದಿಸುತ್ತಿದ್ದಾರೆ. ಕೇಸು ನಡೆಯುತ್ತಿದೆ.

ಇನ್ನು ಚಿಕಿತ್ಸೆ. ಎರಡನೇ ಮಹಾಯುದ್ಧದಲ್ಲಿ ತಲೆಗೆ ಗುಂಡು ತಗುಲಿದ ಸೋವಿಯತ್ ಸೈನಿಕರನ್ನು ಉರಾಲ್ ಬೆಟ್ಟಗಳ ಕಡೆಯ ಆಸ್ಪತ್ರೆಯೊಂದರಲ್ಲಿ ನೋಡಿಕೊಂಡ ಅಲೆಕ್ಸಾಂಡರ್ ಲೂರಿಯಾ ಈ ವಿದ್ಯೆಯ ದೊಡ್ಡ ಹೆಸರು. ಒಂದು ಕೆಲಸಕ್ಕೆ ಮಿದುಳಿನ ಹಲವು ಭಾಗ ಕೂಡಿ ದುಡಿಯುತ್ತವೆ, ಒಂದು ದಾರಿ ಕಡಿದರೆ ಬೇರೆ ದಾರಿಯಲ್ಲಿ ಅದೇ ಕೆಲಸ ಮಾಡಿಸಬಹುದು ಅನ್ನುವುದು ಅವರ ನಂಬಿಕೆ. ಇವತ್ತಿನ ತರಬೇತಿಯ ಹಿಂದೆ ಇರುವುದೂ ಹೆಚ್ಚುಕಡಿಮೆ ಅದೇ. ಭಾವನಿಗೆ ಮನೆಯಲ್ಲೇ ಮಾಡುವ ಅಭ್ಯಾಸ ಕೊಟ್ಟರು. ಪುಟದ ತುಂಬ ಇರುವ ಅಕ್ಷರಗಳಲ್ಲಿ ಹೇಳಿದ ಅಕ್ಷರ ಮಾತ್ರ ಹೊಡೆದುಹಾಕುವುದು. ಬೆರೆಸಿದ ಕಾಳುಗಳನ್ನು ಹೊತ್ತು ಹಿಡಿದು ಬೇರೆ ಬೇರೆ ಮಾಡುವುದು. ಅಕ್ಕ ಅದನ್ನು ನೋಡಿ, “ಹಂಗಾದ್ರೆ ಮದುವೆಯಾದಾಗಿನಿಂದ ನಾನೂ ಟ್ರೀಟ್‌ಮೆಂಟಲ್ಲೇ ಇದ್ದೀನಿ” ಅಂದಳು. ಮೊರ ಹಿಡಿದು ಕೂತ ಗಂಡಸನ್ನು ನೋಡಿ ಬೀದಿಯವರು ನಕ್ಕರೂ ಭಾವ ಬಿಡಲಿಲ್ಲ. ಗಮನ ನಿಲ್ಲುವುದು ನಿಜಕ್ಕೂ ಸುಧಾರಿಸಿತು.

ಆದರೆ ಕಾಳು ಆರಿಸುವುದು ಚೆನ್ನಾಗಿ ಬಂದ ಮಾತ್ರಕ್ಕೆ ವ್ಯವಹಾರ ಬರುವುದಿಲ್ಲ. ಯಾವುದನ್ನು ಅಭ್ಯಾಸ ಮಾಡುತ್ತೀರೋ ಅದು ಸುಧಾರಿಸುತ್ತದೆ, ಅಲ್ಲಿಂದ ಬದುಕಿಗೆ ದಾಟುವುದು ಕಡಿಮೆ. ಮೊಬೈಲಿನಲ್ಲಿ ಬ್ರೈನ್ ಗೇಮ್ ಮಾರುವವರು ಈ ಮಾತು ಹೇಳುವುದಿಲ್ಲ. ನಮಗೆ ಜಾಸ್ತಿ ಕೆಲಸಕ್ಕೆ ಬಂದದ್ದು ಮೇಡಂ ಕಲಿಸಿದ ಸಣ್ಣಪುಟ್ಟ ಕಟ್ಟುಪಾಡುಗಳು. ಜೇಬಿನಲ್ಲಿ ಒಂದು ಪುಟ್ಟ ಪುಸ್ತಕ. ಒಂದು ಕೆಲಸಕ್ಕೆ ಗೆರೆ ಎಳೆಯದೆ ಇನ್ನೊಂದು ಬರೆಯುವಂತಿಲ್ಲ. ಯಾರು ದುಡ್ಡು ಕೇಳಿದರೂ ‘ಮನೇಲಿ ಕೇಳಿ ನಾಳೆ ಹೇಳ್ತೀನಿ’ ಅನ್ನುವ ಒಂದೇ ಉತ್ತರ. ಸಿಟ್ಟು ಬಂದಾಗ ಮಾತು ಬೆಳೆಸದೆ ಎದ್ದು ಹಿತ್ತಿಲಿಗೆ ಹೋಗುವುದು, ಅಕ್ಕ ಹಿಂದೆ ಹೋಗದಿರುವುದು. ಮೇಡಂ ಎಚ್ಚರಿಸಿದ್ದ ಇನ್ನೊಂದೂ ನಿಜವಾಯಿತು. ಅರಿವು ಹೆಚ್ಚಾದ ಹಾಗೆ ಬೇಸರವೂ ಹೆಚ್ಚಾಗುತ್ತದೆ. ತಾನು ಮೊದಲಿನಂತಿಲ್ಲ ಎಂದು ಭಾವನಿಗೆ ಹೊಳೆದ ಮೇಲಿನ ದಿನಗಳು ತಟ್ಟೆ ಎಸೆದ ದಿನಗಳಿಗಿಂತ ಭಾರವಾಗಿದ್ದವು. ಆಗ ಮನೋವೈದ್ಯರ ಮಾತ್ರೆಯೂ ಬೇಕಾಯಿತು.

ಎಲ್ಲರೂ ಬೆಂಗಳೂರಿಗೇ ಬರಬೇಕಾ? ಸದ್ಯಕ್ಕೆ ಪೂರ್ತಿ ಪರೀಕ್ಷೆಗೆ ಹೆಚ್ಚುಕಡಿಮೆ ಹಾಗೇ ಇದೆ. ಪಾರ್ಶ್ವವಾಯು ಹೊಡೆದು ಮಾತು ಹೋದವರಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಕನ್ನಡದಲ್ಲೇ ಪರೀಕ್ಷೆ ಮಾಡಿ ಮಾತು ಕಲಿಸುತ್ತಾರೆ. 2022ರಲ್ಲಿ ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಶುರು ಮಾಡಿತು. ಮೊದಲು ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರಿನ ಜಯನಗರ ಜನರಲ್ ಆಸ್ಪತ್ರೆಯಲ್ಲಿ ಕ್ಲಿನಿಕ್ ತೆರೆದರು, ಆಮೇಲೆ ಬೇರೆ ಜಿಲ್ಲೆಗಳಿಗೂ ಬೆಳೆಸಿದರು. ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಗಿದ್ದೂ 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿಯಲ್ಲಿ ಮಾಡಿದ ಪ್ರಯೋಗವೇ. ಹಾಗಾಗಿ ಜಿಲ್ಲಾ ಆಸ್ಪತ್ರೆಯಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಇದ್ದಾರಾ ಅಂತ ಮೊದಲು ಕೇಳಿ ನೋಡುವುದು ವಾಸಿ. ಖಾಸಗಿಯಾಗಿ ತೋರಿಸುವುದಾದರೆ ಅವರಿಗೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇದೆಯೇ ಎಂದು ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ.

ಹೋಗುವ ದಿನ ರೋಗಿಗೆ ರಾತ್ರಿ ನಿದ್ದೆ ಆಗಿರಲಿ, ತಿಂಡಿ ಆಗಿರಲಿ. ಕನ್ನಡಕ, ಕಿವಿ ಮೆಷಿನ್ ಮರೆಯಬೇಡಿ. ಕಣ್ಣು ಕಾಣದೆ ಆದ ತಪ್ಪು ಮಿದುಳಿನ ಲೆಕ್ಕಕ್ಕೆ ಹೋಗಬಾರದಲ್ಲ. ಮಾತ್ರೆಗಳ ಪಟ್ಟಿ, ಹಳೇ ಸ್ಕ್ಯಾನು, ಡಿಸ್ಚಾರ್ಜ್ ಚೀಟಿ, ಸಾಧ್ಯವಾದರೆ ಶಾಲೆಯ ಮಾರ್ಕ್ಸ್ ಕಾರ್ಡು ಇರಲಿ. ಮುಂಚೆ ಹೇಗಿದ್ದರು ಅಂತ ಅಂದಾಜು ಮಾಡಲು ಅದೂ ಬೇಕಾಗುತ್ತದೆ. ಮನೆ ಮಾತು ಯಾವುದು ಅಂತ ಮೊದಲೇ ಹೇಳಿ, ಆ ಭಾಷೆ ಬಲ್ಲವರನ್ನೇ ಕೇಳಿ. ದೊಡ್ಡ ಆಸ್ಪತ್ರೆ ಅಂತ ಇಂಗ್ಲಿಷ್ ಬರುವ ಚಿಕ್ಕಪ್ಪನ ಮಗನನ್ನು ಜೊತೆಗೆ ಕಳಿಸುವ ಅಭ್ಯಾಸ ನಮ್ಮಲ್ಲಿದೆ. ಅವನು ಬೇಕಾದರೆ ಬರಲಿ, ಕಾರು ಓಡಿಸಲಿ. ಒಳಗೆ ಹೋಗಿ ಮಾತಾಡಬೇಕಾದವರು ದಿನಾ ಜೊತೆಗೆ ಇದ್ದು ನೋಡಿದವರು.